ಮಳೆಗಾಲ ಮತ್ತು ಬ್ಯಾಟರಿ: ಪಶ್ಚಿಮ ಬೆಂಗಳೂರಿನ ಯುಪಿಎಸ್‌ನಿಂದ ಮಲೆನಾಡಿನ ಸೋಲಾರ್‌ವರೆಗೆ

ಗೋವಿಂದರಾಜನಗರದ ಚಿಕ್ಕ ಸೈಟುಗಳ ಮನೆಗಳಲ್ಲಿ ಮೆಟ್ಟಿಲ ಕೆಳಗೋ ಬಾಲ್ಕನಿಯ ಮೂಲೆಯಲ್ಲೋ ಇರುವ ಯುಪಿಎಸ್ ಬ್ಯಾಟರಿ ಹೆಚ್ಚಾಗಿ ಒಂದೇ ಬಗೆಯದು: 12 ವೋಲ್ಟ್, 150 ಆಂಪಿಯರ್-ಅವರ್, ಸೀಸ-ಆಮ್ಲದ ಟ್ಯೂಬುಲರ್. ಮಲೆನಾಡಿನ ಅಡಿಕೆ ತೋಟದ ಮನೆಗಳ ಸೋಲಾರ್ ದೀಪಗಳಿಗೂ ಬಹುಕಾಲ ಇದೇ ಜಾತಿಯ ಬ್ಯಾಟರಿಯೇ ಆಧಾರ. ಎರಡೂ ನೋಡಲು ಒಂದೇ. ಆದರೆ ಹಾಳಾಗುವ ಬಗೆ ಬೇರೆ, ಹಾಳಾಗುವ ಕಾರಣವೂ ಬೇರೆ. ಕ್ಯಾರವಾನ್, ದೋಣಿ, ಒಂಟಿಮನೆಗಳಿಗೆ ಯಾವ ಬ್ಯಾಟರಿ ಒಳ್ಳೆಯದು ಎಂದು ಹೋಲಿಸುವವರು ಸಾಮಾನ್ಯವಾಗಿ ತೂಕ, ಬೆಲೆ, ಬಾಳಿಕೆಯ ವರ್ಷಗಳನ್ನು ಎಣಿಸುತ್ತಾರೆ. ಕರ್ನಾಟಕದ ಮಟ್ಟಿಗೆ ಅದಕ್ಕಿಂತ ಮುಖ್ಯವಾದ ಪರೀಕ್ಷೆ ಮಳೆಗಾಲ ಎಂಬುದು ಈ ಲೇಖನದ ವಾದ.

ನಗರದ ಕಥೆ ಮೊದಲು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪ ಹೊತ್ತಿತು. ಹೀಗೆ ತಂತಿಯ ಕರೆಂಟು ಬೇಗನೆ ಬಂದ ಊರಿನಲ್ಲಿ ಬ್ಯಾಟರಿಗೆ ದಿನದ ದುಡಿಮೆ ಇರಲಿಲ್ಲ, ಕರೆಂಟು ಹೋದಾಗ ಆಸರೆಯಾಗುವುದಷ್ಟೇ ಅದರ ಕೆಲಸ. ಕರೆಂಟು ಹೋಗುವುದಕ್ಕೂ ಮಳೆಯೇ ಕಾರಣ. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರ ಶುರುವಾಗುವವರೆಗೆ ರಾಜ್ಯ ಹೆಚ್ಚುಕಡಿಮೆ ಪೂರ್ತಿ ಜಲವಿದ್ಯುತ್ತನ್ನೇ ನೆಚ್ಚಿತ್ತು. ಮುಂಗಾರು ಕೈಕೊಟ್ಟ ವರ್ಷ ಲೋಡ್ ಶೆಡ್ಡಿಂಗ್ ತಪ್ಪುತ್ತಿರಲಿಲ್ಲ. ವಿದ್ಯುತ್ ಉಪಕರಣಗಳ ತಯಾರಿಕೆಗೆ ಮಾತ್ರ ಪಶ್ಚಿಮ ಬೆಂಗಳೂರು ಹಳೆಯ ನೆಲೆ. ಮೈಸೂರು ರಸ್ತೆಯಲ್ಲಿ 1933ರಲ್ಲಿ ಸರ್ಕಾರಿ ವಿದ್ಯುತ್ ಕಾರ್ಖಾನೆ (ಇಂದಿನ ಕವಿಕ) ಹುಟ್ಟಿತು. ಅದೇ ರಸ್ತೆಯ ಬಿಎಚ್‌ಇಎಲ್ ಎಲೆಕ್ಟ್ರಾನಿಕ್ಸ್ ವಿಭಾಗ ಸೌರಕೋಶಗಳನ್ನು ತಯಾರಿಸಿತು.

ತಂತಿಯ ಹಂಗಿಲ್ಲದೆ ದಿನವೂ ದುಡಿಯುವ ಬ್ಯಾಟರಿಯ ಕಥೆ ಇನ್ನೂ ಹಿಂದಿನದು. 1838ರಲ್ಲಿ ಮೊರಿಟ್ಸ್ ಯಾಕೋಬಿ ರಷ್ಯಾದ ನೀವಾ ನದಿಯಲ್ಲಿ ವಿದ್ಯುತ್ ದೋಣಿ ಓಡಿಸಿದಾಗ ಮತ್ತೆ ಚಾರ್ಜ್ ಮಾಡಬಲ್ಲ ಬ್ಯಾಟರಿಯೇ ಇರಲಿಲ್ಲ. ಅದು 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆಯಿಂದ ಬಂತು. 1881ರಲ್ಲಿ ಕಮೀಲ್ ಫೋರ್ ಸೀಸದ ಫಲಕಕ್ಕೆ ಆಕ್ಸೈಡ್ ಲೇಪಿಸಿ ಅದನ್ನು ಕಾರ್ಖಾನೆಯಲ್ಲಿ ತಯಾರಿಸುವಂತೆ ಮಾಡಿದ. 1899ರಲ್ಲಿ ಸ್ವೀಡನ್ನಿನ ಯುಂಗ್ನರ್ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು, ಅದರ ಬೆನ್ನಿಗೇ ಎಡಿಸನ್ ನಿಕಲ್-ಕಬ್ಬಿಣದ ಬ್ಯಾಟರಿಯನ್ನು ತಂದರು. ಇವು ಗಟ್ಟಿಮುಟ್ಟು, ಬೆಲೆ ಮಾತ್ರ ಹೆಚ್ಚು.

ನಿಕಲ್-ಕ್ಯಾಡ್ಮಿಯಂಗೂ ಬೆಂಗಳೂರಿನ ಈ ಕಡೆಗೂ ಒಂದು ನಂಟುಂಟು. 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಉಪಗ್ರಹ ಸಿದ್ಧವಾದದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಮೈಮೇಲೆ ಸೌರಕೋಶ, ಹೊಟ್ಟೆಯಲ್ಲಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಭೂಮಿಯನ್ನು ಒಂದು ಸುತ್ತು ಬರಲು ಅದಕ್ಕೆ ಸುಮಾರು 96 ನಿಮಿಷ ಸಾಕು. ಭೂಮಿಯ ನೆರಳು ಹಾದಾಗಲೆಲ್ಲ ಬ್ಯಾಟರಿ ಖಾಲಿಯಾಗಿ ಮತ್ತೆ ತುಂಬಿಕೊಳ್ಳಬೇಕು. ಇಷ್ಟು ಸಲ ಏರಿಳಿಯುವ ಕೆಲಸವನ್ನು ಮೆಟ್ಟಿಲ ಕೆಳಗಿನ ಯುಪಿಎಸ್ ಎಂದೂ ಮಾಡುವುದಿಲ್ಲ. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಆರ್ಯಭಟದ ವೈಜ್ಞಾನಿಕ ಪ್ರಯೋಗಗಳು ನಿಂತವು. ಅಷ್ಟರಲ್ಲಿ ಇಲ್ಲಿನ ಎಂಜಿನಿಯರುಗಳು ಸೌರಫಲಕ, ಬ್ಯಾಟರಿ, ನಿಯಂತ್ರಕ ಮೂರನ್ನೂ ಒಂದಾಗಿ ಯೋಚಿಸುವುದನ್ನು ಕಲಿತಿದ್ದರು ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ನೆಲದ ಮೇಲೆ ಕರ್ನಾಟಕ ಮೊದಲು ಹಿಡಿದದ್ದು ಬ್ಯಾಟರಿ ಬೇಡದ ದಾರಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಕಟ್ಟಿದ 'ಅಸ್ತ್ರ' ಕೇಂದ್ರ ತುಮಕೂರು ಜಿಲ್ಲೆಯ ಪುರದಲ್ಲಿ ಸಗಣಿಯ ಅನಿಲದಿಂದ, ಹೊಸಹಳ್ಳಿಯಲ್ಲಿ ಸೌದೆಯ ಅನಿಲದಿಂದ ಊರಿಗೆ ದೀಪ ಕೊಟ್ಟಿತು. ಅಲ್ಲಿ ಶಕ್ತಿಯ ಸಂಗ್ರಹ ಸಗಣಿ ಮತ್ತು ಸೌದೆಯಲ್ಲೇ ಇತ್ತು. ಮಲೆನಾಡಿನ ಹಳ್ಳದ ಬದಿಯ ಮನೆಗಳಲ್ಲಿ ಪುಟ್ಟ ಟರ್ಬೈನುಗಳೂ ಹೀಗೇ ದುಡಿದವು. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸೆಲ್ಕೊ ಆರಂಭಿಸಿ, ಮನೆಮನೆಗೆ ಪ್ರತ್ಯೇಕ ಸೋಲಾರ್ ದೀಪವನ್ನು ಬ್ಯಾಂಕ್ ಸಾಲದ ಮೇಲೆ ತಲುಪಿಸಿದಾಗ ಬ್ಯಾಟರಿ ಅನಿವಾರ್ಯವಾಯಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಲ್ಲಿ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಸೋಲಾರ್ ಸಾಲವನ್ನು ವಿಸ್ತರಿಸಿದವು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಈ ಕಥೆಯಲ್ಲಿ ಸಾಲಕ್ಕೆ ಸಿಕ್ಕ ಕೀರ್ತಿ ಬ್ಯಾಟರಿಗೆ ಸಿಗಲಿಲ್ಲ. ಆದರೆ ಬ್ಯಾಟರಿ ಸತ್ತರೆ ಕಂತು ಕಟ್ಟುವ ಮನಸ್ಸೂ ಸಾಯುತ್ತದೆ.

ಟ್ಯೂಬುಲರ್ ಏಕೆ ಎಂಬುದಕ್ಕೆ ಉತ್ತರ ಅದರ ಒಳಗೇ ಇದೆ. ಕಾರಿನ ಬ್ಯಾಟರಿಯ ಫಲಕ ತೆಳು. ಕೆಲವು ಸೆಕೆಂಡು ಭಾರೀ ಕರೆಂಟು ಕೊಟ್ಟು ಎಂಜಿನ್ ಎಬ್ಬಿಸುವುದಕ್ಕೆಂದೇ ಮಾಡಿದ್ದು. ಅದರಲ್ಲಿ ರಾತ್ರಿಯಿಡೀ ದೀಪ ಉರಿಸಿದರೆ ಫಲಕದ ಪುಡಿ ಉದುರಿ ತಳ ಸೇರುತ್ತದೆ. ಟ್ಯೂಬುಲರ್‌ನಲ್ಲಿ ಸೀಸದ ಕಡ್ಡಿಯ ಸುತ್ತಲಿನ ಆ ಪುಡಿಯನ್ನು ಪಾಲಿಯೆಸ್ಟರ್ ಚೀಲ ಹಿಡಿದಿಡುತ್ತದೆ. ಪೂರ್ತಿ ಚಾರ್ಜ್ ಆಗಿದ್ದರೆ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಸುಮಾರು 1.24 ತೋರಿಸುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ತೀರ್ಥಹಳ್ಳಿ, ಆಗುಂಬೆಯ ಕಡೆ ವಾರಗಟ್ಟಲೆ ಮೋಡ. ರಾತ್ರಿ ಖಾಲಿಯಾದ ಬ್ಯಾಟರಿ ಹಗಲು ಅರ್ಧವೂ ತುಂಬುವುದಿಲ್ಲ. ಹೈಡ್ರೋಮೀಟರಿನ ತೇಲುಕಡ್ಡಿ ದಿನದಿನವೂ ಕೆಳಗಿಳಿಯುತ್ತದೆ. ಫಲಕದ ಮೇಲೆ ಕೂತ ಸೀಸದ ಸಲ್ಫೇಟ್ ಮತ್ತೆ ಕರಗದ ಹರಳಾಗಿ ಗಟ್ಟಿಯಾಗುತ್ತದೆ. ಸಾಂದ್ರ ಆಮ್ಲ ತಳಕ್ಕೆ ಇಳಿದು ಮೇಲೆ ತೆಳು ನೀರು ನಿಲ್ಲುತ್ತದೆ. ಬಿಸಿಲು ಬಂದಾಗ ಪ್ಯಾನೆಲ್ ಸರಿಯಾಗಿಯೇ ಕೆಲಸ ಮಾಡುತ್ತದೆ, ಬ್ಯಾಟರಿ ಮಾತ್ರ ಹಿಡಿಯುವುದಿಲ್ಲ. ಗೋವಿಂದರಾಜನಗರದ ಬ್ಯಾಟರಿಗೆ ಈ ರೋಗ ಅಪರೂಪ. ಅದು ವರ್ಷವಿಡೀ ತುಂಬಿಯೇ ಇರುತ್ತದೆ; ಅದರ ಶತ್ರು ಡಿಸ್ಟಿಲ್ಡ್ ವಾಟರ್ ಹಾಕಲು ಮರೆಯುವ ಮನೆಯವರು ಮತ್ತು ಮುಚ್ಚಿದ ಗೂಡಿನ ಸೆಕೆ.

ಲಿಥಿಯಂ ಐರನ್ ಫಾಸ್ಫೇಟನ್ನು ನಾನು ಮೆಚ್ಚುವುದು ಈ ಕಾರಣಕ್ಕೆ. 1997ರಲ್ಲಿ ಟೆಕ್ಸಾಸ್‌ನಿಂದ ಅದನ್ನು ಪ್ರಕಟಿಸಿದವರು ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ಅರೆ ತುಂಬಿದ ಸ್ಥಿತಿಯಲ್ಲಿ ತಿಂಗಳು ಇದ್ದರೂ ಅದಕ್ಕೆ ಸಲ್ಫೇಟಿನ ರೋಗವಿಲ್ಲ. 12.8 ವೋಲ್ಟಿನ 100 ಆಂಪಿಯರ್-ಅವರ್ ಪ್ಯಾಕಿನ ಶೇ. 80 ಬಳಸಿದರೂ ಸುಮಾರು 1,024 ವ್ಯಾಟ್-ಅವರ್ ಸಿಗುತ್ತದೆ. 150ರ ಟ್ಯೂಬುಲರ್‌ನಿಂದ ಬಾಳಿಕೆ ಕೆಡದಂತೆ ಅರ್ಧ ತೆಗೆದರೆ 900. ತೂಕದಲ್ಲಿ ಮೊದಲನೆಯದು ಹನ್ನೆರಡು ಕಿಲೋ ಆಸುಪಾಸು, ಎರಡನೆಯದು ಐವತ್ತಕ್ಕೂ ಮೇಲೆ. ಕ್ಯಾರವಾನ್‌ಗೆ, ವಿದ್ಯುತ್ ದೋಣಿಗೆ ಈ ತೂಕವೇ ನಿರ್ಣಾಯಕ. ಮಲ್ಪೆಯ ಡೀಸೆಲ್ ಬೋಟಿನಲ್ಲಿ ಎಂಜಿನ್ನೇ ಬ್ಯಾಟರಿಯನ್ನು ಸದಾ ತುಂಬಿಸುವುದರಿಂದ ಅಲ್ಲಿ ಸೀಸವೇ ಸಾಕು. ಗೋವಿಂದರಾಜನಗರದ ಮನೆಗೂ ಅಷ್ಟೇ: ತಿಂಗಳಿಗೆ ನಾಲ್ಕು ಸಲ ಕರೆಂಟು ಹೋಗುವ ಕಡೆ ಲಿಥಿಯಂನ ಸಾವಿರಾರು ಸುತ್ತುಗಳ ಆಯುಷ್ಯಕ್ಕೆ ದುಡ್ಡು ಕೊಡುವುದು ನಷ್ಟ. ಆ ದುಡ್ಡು ಆಗುಂಬೆಯ ಮನೆಯಲ್ಲಿ ಸಾರ್ಥಕ. ಬೆಸ್ಕಾಂ ಜಾಲಕ್ಕೆ ಜೋಡಿಸಿದ ಬ್ಯಾಟರಿರಹಿತ ಛಾವಣಿ ಸೋಲಾರ್ ಕರೆಂಟು ಹೋದಾಗ ತಾನೂ ಆರಿಹೋಗುತ್ತದೆ ಎಂಬುದನ್ನೂ ಕೊಳ್ಳುವವರು ತಿಳಿದಿರಬೇಕು.

ಸೀಸದ ಪರವಾಗಿ ಇನ್ನೊಂದು ಮಾತಿದೆ. ಹಳೆಯ ಬ್ಯಾಟರಿ ಕೊಟ್ಟರೆ ಅಂಗಡಿಯವರು ಬೆಲೆಯಲ್ಲಿ ಕಡಿತ ಮಾಡುತ್ತಾರೆ. ಮಾರಿದವರೇ ಮರಳಿ ಪಡೆಯಬೇಕೆಂದು 2001ರ ನಿಯಮ ಹೇಳಿತು. ಆದರೂ ಒಂದಷ್ಟು ಸೀಸ ಗುಟ್ಟಾಗಿ ಕರಗಿಸುವವರ ಕೈ ಸೇರಿ ಮಣ್ಣಿಗೂ ಮಕ್ಕಳ ರಕ್ತಕ್ಕೂ ಇಳಿಯುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಲಿಥಿಯಂನ ಹೊಣೆಯನ್ನೂ ಉತ್ಪಾದಕರಿಗೆ ಹೊರಿಸಿವೆ. ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಅಂದಾಜಿಸಿದ ಲಿಥಿಯಂ 1,600 ಟನ್ ಮಾತ್ರ. ಬಳಸಿ ಬಿಸುಟ ಪ್ಯಾಕುಗಳಿಂದಲೇ ಲಿಥಿಯಂ ತೆಗೆಯುವ ಘಟಕಗಳು ನಮಗೆ ಈ ಗಣಿಗಿಂತ ಮೊದಲು ಬೇಕು.