ಮೂರನೆಯ ಸಲ ಕೇಳಿದಾಗ

ಅಣ್ಣನಿಗೆ ಲಕ್ವ ಹೊಡೆದದ್ದು ಕಳೆದ ವರ್ಷದ ಶ್ರಾವಣದಲ್ಲಿ. ಆಗ ಅವನಿಗೆ 36 ವರ್ಷ. ತಿಪಟೂರಿನ ಹತ್ತಿರದ ನಮ್ಮೂರಲ್ಲಿ ಅವನದು ಮೋಟಾರ್ ವೈಂಡಿಂಗ್ ಅಂಗಡಿ. ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನ ಕೈಯಿಂದ ಬ್ರಷ್ ಬಿತ್ತು, ಎತ್ತಿಕೊಳ್ಳಲು ಬಗ್ಗಿದವನು ಅಲ್ಲೇ ಕುಸಿದ. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈಯಲ್ಲಿ ಶಕ್ತಿ ಇರಲಿಲ್ಲ, ಬಲಗಾಲು ಎಳೆಯುತ್ತಿತ್ತು. ಬಾಯಲ್ಲಿ ಉಳಿದಿದ್ದು ಒಂದೇ ಮಾತು: ‘ಆಯ್ತು’. ನೀರು ಬೇಕಾದರೂ ಆಯ್ತು, ಬೇಡವಾದರೂ ಆಯ್ತು, ಸಿಟ್ಟು ಬಂದರೂ ಆಯ್ತು.

ಈ ಕಾಯಿಲೆಯನ್ನು ಕರೆಯುವಾಗ ಲೋಕದ ಬಹಳ ಭಾಷೆಗಳು ಒಂದೇ ಚಿತ್ರವನ್ನು ಬಳಸುತ್ತವೆ. ನಾವು ಲಕ್ವ ‘ಹೊಡೆಯಿತು’ ಎನ್ನುತ್ತೇವೆ. ಇಂಗ್ಲಿಷಿನ ಸ್ಟ್ರೋಕ್ ಎಂದರೆ ಹೊಡೆತ. ಅದಕ್ಕೂ ಹಿಂದಿನ ಗ್ರೀಕ್ ಮೂಲದ ಅಪೊಪ್ಲೆಕ್ಸಿ ಎಂಬ ಹೆಸರಿನ ಅರ್ಥವೂ ಹೊಡೆದು ಕೆಡವುವುದು ಎಂದೇ. ಲಕ್ವ ಎಂಬ ಮಾತು ಅರಬ್ಬಿಯಿಂದ ಬಂದದ್ದು. ಯುನಾನಿ ವೈದ್ಯದಲ್ಲಿ ಅದು ಮುಖ ಸೊಟ್ಟಗಾಗುವ ಕಾಯಿಲೆಯ ಹೆಸರು. ನಮ್ಮ ಕಡೆಗೆ ಬರುವಷ್ಟರಲ್ಲಿ ಅರ್ಧ ಮೈಯನ್ನೇ ಸೂಚಿಸುವಂತಾಯಿತು. ಪಾರ್ಶ್ವವಾಯು ಎಂಬುದರಲ್ಲಿ ಆಯುರ್ವೇದದ ವಾತ ಇದೆ. ಹೊಡೆತ ಬಿದ್ದ ಗಳಿಗೆಯನ್ನು ಹೇಳಲು ಇಷ್ಟೆಲ್ಲ ಹೆಸರುಗಳಿವೆ. ಅದರ ನಂತರದ ತಿಂಗಳುಗಳಿಗೆ ಮಾತ್ರ ನನಗೆ ಯಾವ ಹೆಸರೂ ಸಿಗಲಿಲ್ಲ.

ನಾನು ಓದುತ್ತಿರುವುದು ಹತ್ತೊಂಬತ್ತನೆಯ ಶತಮಾನದ ವೈದ್ಯಕೀಯ ದಾಖಲೆಗಳನ್ನು. ಅತ್ತಿಗೆ ಗಾರ್ಮೆಂಟ್ಸ್ ಕೆಲಸ ಬಿಡುವ ಹಾಗಿರಲಿಲ್ಲ, ಅಮ್ಮನಿಗೆ ಮಂಡಿನೋವು. ಹಾಗಾಗಿ ಮೈಸೂರಿನ ಹಾಸ್ಟೆಲ್ ಕೋಣೆಗೆ ಬೀಗ ಹಾಕಿ ಊರಿಗೆ ಬಂದೆ. ಬರುವಾಗ ಒಂದು ಹೊಸ ನೋಟ್‌ಬುಕ್ ತಂದೆ. ದಿನಾ ಬೆಳಿಗ್ಗೆ ಅಣ್ಣನ ಮುಂದೆ ಲೋಟ, ಚಮಚ, ಬಾಚಣಿಗೆ, ಬೀಗದ ಕೈ ಜೋಡಿಸಿಟ್ಟು, “ಇದೇನು ಹೇಳಣ್ಣ?” ಎಂದು ಕೇಳುವುದು, ಅವನ ಉತ್ತರವನ್ನು ದಿನಾಂಕದೊಂದಿಗೆ ಬರೆದಿಡುವುದು. ಇಪ್ಪತ್ತು ದಿನಗಳ ಪುಟಗಳಲ್ಲಿ ಒಂದೇ ಪದ ಇತ್ತು. ಪಕ್ಕದಲ್ಲಿ ತಪ್ಪು ಗುರುತುಗಳು.

ಆ ದಿನಗಳಲ್ಲೇ ನನ್ನ ಓದಿನ ಕಾರಣಕ್ಕೆ ಲಬೋರ್ನ್ ಎಂಬ ರೋಗಿಯ ವೃತ್ತಾಂತಕ್ಕೆ ಮರಳಬೇಕಾಯಿತು. ಮೆದುಳಿನ ಚರಿತ್ರೆ ಓದಿದವರಿಗೆಲ್ಲ ಅವನ ಪರಿಚಯವಿರುತ್ತದೆ. ಬಾಲ್ಯದಿಂದ ಮೂರ್ಛೆರೋಗವಿದ್ದ ಅವನು ಮೂವತ್ತರ ಹೊತ್ತಿಗೆ ಮಾತು ಕಳೆದುಕೊಂಡು ಪ್ಯಾರಿಸ್ ಹತ್ತಿರದ ಬಿಸೆತ್ರ್ ಆಸ್ಪತ್ರೆ ಸೇರಿದ. ಏನು ಕೇಳಿದರೂ ‘ತಾನ್ ತಾನ್’ ಎನ್ನುತ್ತಿದ್ದುದರಿಂದ ಅದೇ ಅವನ ಹೆಸರಾಯಿತು. ಕೆಲವು ವರ್ಷಗಳ ಮೇಲೆ ಬಲಗೈ, ಆಮೇಲೆ ಬಲಗಾಲು ಸ್ವಾಧೀನ ತಪ್ಪಿದವು. 1861ರ ಏಪ್ರಿಲ್‌ನಲ್ಲಿ ಕಾಲಿನ ಕೀವುಹುಣ್ಣಿಗೆಂದು ಅವನನ್ನು ಶಸ್ತ್ರವೈದ್ಯ ಪಾಲ್ ಬ್ರೋಕಾನ ಬಳಿಗೆ ತಂದರು. ಏಪ್ರಿಲ್ 17ರಂದು ಅವನು ತೀರಿಕೊಂಡ. ಮರುದಿನವೇ ಬ್ರೋಕಾ ಅವನ ಮೆದುಳನ್ನು ವಿದ್ವಾಂಸರ ಸಭೆಯಲ್ಲಿ ತೋರಿಸಿದ. ಎಡಭಾಗದ ಮುಂದಿನ ಹಾಲೆಯಲ್ಲಿ ಗಾಯವಿತ್ತು. ಮಾತನ್ನು ಹೊರಡಿಸುವ ಶಕ್ತಿಗೆ ಮೆದುಳಿನಲ್ಲಿ ಒಂದು ನೆಲೆಯಿದೆ ಎಂಬ ವಾದಕ್ಕೆ ಅದು ಸಾಕ್ಷಿಯಾಯಿತು. ಬ್ರೋಕಾ ಈ ಸ್ಥಿತಿಯನ್ನು ಅಫೆಮಿ ಎಂದು ಕರೆದ. 1864ರಲ್ಲಿ ಟ್ರೂಸೊ ಕೊಟ್ಟ ಅಫೇಸಿಯಾ ಎಂಬ ಹೆಸರು ನಿಂತಿತು.

ಪಠ್ಯಪುಸ್ತಕದ ಕಥೆ ಇಲ್ಲಿಗೆ ಮುಗಿಯುತ್ತದೆ. ಆದರೆ ಬ್ರೋಕಾನ ವರದಿಯಲ್ಲಿ ಇನ್ನೊಂದು ಸಣ್ಣ ಪ್ರಸಂಗವಿದೆ. ಇಲ್ಲಿ ಎಷ್ಟು ವರ್ಷದಿಂದ ಇದ್ದೀಯ ಎಂದು ಬ್ರೋಕಾ ಕೇಳುತ್ತಾನೆ. ಲಬೋರ್ನ್ ಕೈಬೆರಳುಗಳನ್ನು ನಾಲ್ಕು ಸಲ ಬಿಡಿಸಿ, ಮೇಲೆ ಒಂದು ಬೆರಳು ತೋರಿಸುತ್ತಾನೆ: 21. ಲೆಕ್ಕ ಸರಿಯಾಗಿತ್ತು. ಮರುದಿನ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ಸಲ ಕೇಳಿದಾಗ ಇದು ಪರೀಕ್ಷೆ ಎಂದು ಅವನಿಗೆ ಗೊತ್ತಾಗುತ್ತದೆ. ಸಿಟ್ಟಿನಿಂದ ದೇವರ ಹೆಸರಿಡಿದು ಬೈದುಬಿಡುತ್ತಾನೆ.

ಹಿಂದೆ ಓದಿದಾಗ ನಾನು ಇದನ್ನು ಬುದ್ಧಿ ನೆಟ್ಟಗಿತ್ತು ಎಂಬುದಕ್ಕೆ ಪುರಾವೆ ಎಂದಷ್ಟೇ ಗುರುತು ಹಾಕಿಕೊಂಡಿದ್ದೆ. ಇದನ್ನು ಮತ್ತೆ ಓದಿದ ವಾರದಲ್ಲೇ ನಮ್ಮ ಮನೆಯಲ್ಲಿ ಅದೇ ನಡೆಯಿತು. ಒಂದು ಬೆಳಿಗ್ಗೆ ಲೋಟವನ್ನು ಮೂರನೆಯ ಸಲ ಎತ್ತಿ ಹಿಡಿದೆ. ಅಣ್ಣ ಎಡಗೈಯಿಂದ ಅದನ್ನು ಬೀಸಿ ಹೊಡೆದ. ಜೊತೆಗೆ ಒಂದು ಬೈಗುಳ, ಅಂಗಡಿಯಲ್ಲಿ ಹುಡುಗರಿಗೆ ಬೈಯುತ್ತಿದ್ದಂಥದ್ದು, ಒಂದಕ್ಷರವೂ ತೊದಲದೆ ಬಂತು. ಅಡುಗೆಮನೆಯಿಂದ ಅಮ್ಮ ಓಡಿ ಬಂದು, “ಮಾತು ಬಂತಲ್ಲೇ!” ಎಂದು ಅತ್ತಳು. ಅಣ್ಣ ಮುಖ ತಿರುಗಿಸಿಕೊಂಡ. ಆ ದಿನ ನನ್ನ ಕೈಯಿಂದ ಊಟ ಮಾಡಲಿಲ್ಲ.

ಬೈಗುಳ, ಎಣಿಕೆ, ಬಾಯಿಪಾಠ, ಹಾಡು ಇವು ಉಳಿದಿರಬಹುದು, ಹೇಳಬೇಕೆಂದದ್ದನ್ನು ಹೇಳುವ ಮಾತು ಹೋಗಿರಬಹುದು. ಇದನ್ನು ಇಂಗ್ಲೆಂಡಿನ ಹ್ಯೂಲಿಂಗ್ಸ್ ಜಾಕ್ಸನ್ 1870ರ ದಶಕದಲ್ಲೇ ಬಿಡಿಸಿ ಬರೆದಿದ್ದ. ಅದು ನನಗೆ ಗೊತ್ತಿತ್ತು. ಅಮ್ಮನಿಗೆ ಅದನ್ನು ಹೇಳಿ ಅವಳ ಸಂತೋಷ ಕೆಡಿಸಲು ಬಾಯಿ ಬರಲಿಲ್ಲ.

ಮುಂದಿನ ವಾರ ವಾಕ್ ಚಿಕಿತ್ಸಕಿಗೆ ನನ್ನ ನೋಟ್‌ಬುಕ್ ತೋರಿಸಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಶುರುವಾದದ್ದು. ನಮ್ಮ ಚಿಕಿತ್ಸಕಿ ಕಲಿತದ್ದು ಅಲ್ಲೇ. ಅವರು ಪುಟಗಳನ್ನು ತಿರುವಿ ಹಾಕಿ, “ಇದನ್ನ ಅವರ ಮುಂದೆನೇ ಬರೀತೀರಾ?” ಎಂದರು. ಹೌದೆಂದೆ. “ಲೋಟ ಅಂತ ನಿಮಗೆ ಗೊತ್ತು, ಅವರಿಗೂ ಗೊತ್ತು. ಅಭ್ಯಾಸ ನಾನು ಮಾಡಿಸ್ತೀನಿ, ನೀವೂ ದಿನಾ ಸ್ವಲ್ಪ ಹೊತ್ತು ಮಾಡಿಸಿ. ಉಳಿದ ಹೊತ್ತು ನಿಮಗೆ ಗೊತ್ತಿಲ್ಲದ್ದನ್ನ ಕೇಳಿ. ಕೇಳಿದ ಮೇಲೆ ಕಾಯಿರಿ.”

ಕಾಯುವುದೇ ಕಷ್ಟ. ಅವನು ಬಾಯಿ ತೆರೆಯುವಷ್ಟರಲ್ಲಿ ವಾಕ್ಯ ಮುಗಿಸಿಕೊಡುವ ಅಭ್ಯಾಸ ಮನೆಯವರಿಗೆಲ್ಲ ಹತ್ತಿತ್ತು. ಹೆಚ್ಚು ಹತ್ತಿದ್ದು ನನಗೆ.

ಬ್ರೋಕಾನ ಎರಡನೆಯ ರೋಗಿ ಲಲಾಂಗ್. ಪಾರ್ಶ್ವವಾಯುವಾದ ಮೇಲೆ ಆ ಮುದುಕನಿಗೆ ಉಳಿದದ್ದು ಐದೇ ಪದ. ಸಂಖ್ಯೆ ಯಾವುದಾದರೂ ‘ಮೂರು’ ಎಂಬ ಒಂದೇ ಪದ ಹೇಳುತ್ತಿದ್ದ. ಮಕ್ಕಳೆಷ್ಟು ಎಂದಾಗಲೂ ಮೂರು ಎಂದ, ಬೆರಳು ಮಾತ್ರ ನಾಲ್ಕು ಎತ್ತಿದ. ಕಿವಿಯಿಂದ ಮಾತ್ರ ಕೇಳಿದವರಿಗೆ ಆ ಉತ್ತರ ತಪ್ಪು.

ಮಾಘದಲ್ಲಿ ಒಂದು ಸಂಜೆ ತೋಟದ ಬೋರ್‌ವೆಲ್ ಮೋಟಾರ್ ಗುಂಯ್‌ಗುಟ್ಟತೊಡಗಿತು. ನೀರು ಬರಲಿಲ್ಲ. ನನಗೆ ಸ್ಟಾರ್ಟರ್ ಪೆಟ್ಟಿಗೆಯ ಗಂಧಗಾಳಿ ಗೊತ್ತಿಲ್ಲ. ಮನೆಗೆ ಓಡಿಬಂದು, “ಅಣ್ಣ, ಮೋಟಾರ್ ಸದ್ದು ಮಾಡ್ತಿದೆ, ತಿರುಗ್ತಿಲ್ಲ. ಏನ್ಮಾಡ್ಲಿ?” ಎಂದೆ. ಅವನು ಮೊದಲು ಎಡಗೈ ಕೆಳಗೆ ಒತ್ತಿ ತೋರಿಸಿದ, ಆಫ್ ಮಾಡು ಅಂತ. ಆಫ್ ಮಾಡಿ ಬಂದೆ. ಆಮೇಲೆ ಮೂರು ಬೆರಳು ಎತ್ತಿದ. ನನಗೆ ಅರ್ಥವಾಗಲಿಲ್ಲ. ಬಾಯಿಗೆ ಬಂದ ಊಹೆಗಳನ್ನು ತಡೆದುಕೊಂಡು ನಿಂತೆ. ಅವನು ಮೂರರಲ್ಲಿ ಒಂದು ಬೆರಳು ಮಡಚಿದ.

“ಒಂದು ಫೇಸ್ ಹೋಗಿದ್ಯಾ?”

“ಆಯ್ತು,” ಎಂದ. ಕೋಲಿಗೆ ಕೈ ಚಾಚಿದ. ತೋಟದವರೆಗೆ ನಡೆಯಲು ಅರ್ಧ ಗಂಟೆ ಹಿಡಿಯಿತು. ಸುಟ್ಟುಹೋದ ಫ್ಯೂಸ್ ಯಾವುದೆಂದು ತೋರಿಸಿದ. ಪಕ್ಕದ ತೋಟದವರು ಬಂದು ಅವನ ಕಣ್ಣೆದುರಿಗೇ ತಂತಿ ಕಟ್ಟಿಕೊಟ್ಟರು. ನೀರು ಬಂತು.

ಈಗ ಅವನ ಬಳಿ ನಲವತ್ತಕ್ಕೂ ಹೆಚ್ಚು ಪದಗಳಿವೆ. ಕೆಲವು ದಿನ ಅವೂ ಕೈಕೊಡುತ್ತವೆ. ನೋಟ್‌ಬುಕ್ ಇನ್ನೂ ಇದೆ. ಅದರಲ್ಲಿ ಈಗ ಬರೆಯುವುದು ನಾನು ಕೇಳಿದ ಪ್ರಶ್ನೆಗಳನ್ನು. ಉತ್ತರ ಮೊದಲೇ ಗೊತ್ತಿದ್ದು ಕೇಳಿದ್ದಕ್ಕೆಲ್ಲ ತಪ್ಪು ಗುರುತು ಹಾಕಿಕೊಳ್ಳುತ್ತೇನೆ.