ಪಬ್ಬಿನಾಚೆಯ ಕೇಳುಗ: ಬೆಂಗಳೂರು ರಾಕ್ ನಡೆದುಬಂದ ದಾರಿ

ಬೆಂಗಳೂರಿನ ರಾಕ್ ಬ್ಯಾಂಡುಗಳ ಮಾತು ಬಂದಾಗಲೆಲ್ಲ ಈಚೆಗೆ ಒಂದೇ ಕಥೆ ಕೇಳಿಬರುತ್ತಿದೆ. ಹಳೆಯ ಅಭಿಮಾನಿಗಳ ಕೈಬಿಡದೆ ತಮ್ಮ ಪಾಡಿಗೆ ನುಡಿಸಿಕೊಂಡು ಬಂದ ‘ಅಪ್ಪಟ’ ಬ್ಯಾಂಡುಗಳು ಒಂದು ಕಡೆ. ಪಂಚೆ ಉಟ್ಟು, ಗೆಜ್ಜೆ ಕಟ್ಟಿ, ಜಾನಪದ ಬೆರೆಸಿ, ಸಿನಿಮಾದ ಬಾಗಿಲು ತಟ್ಟಿ ಜನಪ್ರಿಯತೆಯ ಬೆನ್ನು ಹತ್ತಿದವರು ಇನ್ನೊಂದು ಕಡೆ. ಮೊದಲಿನವರು ನಿಷ್ಠರು, ಎರಡನೆಯವರು ತಮ್ಮನ್ನು ಮಾರಿಕೊಂಡವರು. ರಾಕ್ ಕೇಳದವರೂ ಈ ತೀರ್ಪನ್ನು ಸಲೀಸಾಗಿ ಒಪ್ಪಿಬಿಡುತ್ತಾರೆ. ತೊಂಬತ್ತರ ದಶಕದಿಂದ ಈ ಊರಿನ ವೇದಿಕೆಗಳ ಪಕ್ಕದಲ್ಲಿ ನಿಂತು ಕೇಳುತ್ತ, ಆಗಾಗ ಸೌಂಡ್ ಡೆಸ್ಕಿನ ಹಿಂದೆ ಕೂತು ಕೆಲಸ ಮಾಡುತ್ತ ಬಂದ ನನಗೆ ಈ ಕಥೆ ನಡೆದದ್ದಕ್ಕೆ ತೀರ ದೂರ ಅನ್ನಿಸುತ್ತದೆ. ಕನ್ನಡದಲ್ಲಿ ಈ ಸಂಗೀತದ ಬಗ್ಗೆ ಯಾರೂ ಸರಿಯಾಗಿ ಬರೆಯದೆ ಹೋದದ್ದರಿಂದಲೇ ಇಂಥ ಕಥೆಗಳು ಚರಿತ್ರೆಯ ಜಾಗಕ್ಕೆ ಬಂದು ಕೂರುತ್ತವೆ.

ಶುರುವಿನ ದಿನಗಳನ್ನು ಚುಟುಕಾಗಿ ಹೇಳಬಹುದು. ಎಪ್ಪತ್ತರ ದಶಕದಲ್ಲಿ ದಂಡು ಪ್ರದೇಶದ ಕ್ಲಬ್ಬು, ಹೋಟೆಲು, ಕಾಲೇಜು ಸಭಾಂಗಣಗಳಲ್ಲಿ ಬೀಟ್ ಗುಂಪುಗಳಿದ್ದವು. ಮದರಾಸು–ಬೆಂಗಳೂರುಗಳ ನಡುವೆ ಓಡಾಡಿಕೊಂಡಿದ್ದ ಹ್ಯೂಮನ್ ಬಾಂಡೇಜ್ ಅವುಗಳಲ್ಲಿ ಹೆಸರಾದದ್ದು. ಅದರ ಡ್ರಮ್ಮರ್ ರಮೇಶ್ ಶೋಥಮ್ ಮುಂದೆ ತವಿಲ್ ಕಲಿತು, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನವರ ಜೊತೆ ಸೇರಿ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಜೊತೆ ನುಡಿಸಿದರು. ಇಲ್ಲಿನ ತಾಳವಾದ್ಯದ ಶಾಲೆಯೊಂದು ರಾಕ್ ಡ್ರಮ್ಮರನಿಗೆ ದಾರಿಯಾದ ಈ ಸಂಗತಿ ನಮ್ಮ ಸಂಗೀತ ಚರಿತ್ರೆಗಳಲ್ಲಿ ಒಂದು ಸಾಲಾಗಿಯೂ ಬಂದಿಲ್ಲ. ಎಂಬತ್ತರ ದಶಕದ ಕೊನೆಗೆ ಹೆವಿ ಮೆಟಲ್ಲಿನ ಮಿಲೆನಿಯಮ್ ಬಂತು. 1989ರಲ್ಲಿ ರೆಸ್ಟ್ ಹೌಸ್ ರಸ್ತೆಯಲ್ಲಿ ಪೆಕೋಸ್ ತೆರೆಯಿತು. ಗೋಡೆ ತುಂಬ ಪೋಸ್ಟರು, ಕ್ಯಾಸೆಟ್ಟಿನಲ್ಲಿ ರಾಕ್. ಆ ಕಾಲದ ಬ್ಯಾಂಡುಗಳು ಬಹುಪಾಲು ನುಡಿಸುತ್ತಿದ್ದದ್ದು ಬೇರೆಯವರ ಹಾಡುಗಳನ್ನೇ.

ಆ ಕವರ್ ಹಾಡಿನ ಕಾಲವನ್ನು ಅರ್ಥ ಮಾಡಿಕೊಳ್ಳದೆ ‘ಹಳೆಯ ಅಭಿಮಾನಿ’ ಯಾರು ಅನ್ನುವುದು ತಿಳಿಯುವುದಿಲ್ಲ. ಕಾಲೇಜು ಫೆಸ್ಟಿನ ರಾಕ್ ಸ್ಪರ್ಧೆ ಹೇಗಿರುತ್ತಿತ್ತೆಂದರೆ, ಒಂದೇ ಡ್ರಮ್ ಸೆಟ್ಟು, ಎರಡೋ ಮೂರೋ ಆ್ಯಂಪು, ಎಲ್ಲ ಬ್ಯಾಂಡುಗಳಿಗೂ ಅವೇ. ಹಿಂದಿನವರು ಕೇಬಲ್ ಕಳಚುತ್ತಿರುವಾಗಲೇ ಮುಂದಿನವರು ಸಿಕ್ಕಿಸಬೇಕು. ಸೌಂಡ್‌ಚೆಕ್ ಎಂಬುದು ಮೈಕಿಗೆ ಮೂರು ಸಲ ‘ಹಲೋ’ ಅಂದರೆ ಮುಗಿಯಿತು. ಡೀಪ್ ಪರ್ಪಲ್ಲಿನದೋ ಐರನ್ ಮೇಡನ್ನಿನದೋ ಹಾಡು ಎತ್ತಿಕೊಂಡರೆ ಮೊದಲ ಎರಡು ಸ್ವರಕ್ಕೇ ಮೈದಾನ ಎದ್ದು ನಿಲ್ಲುತ್ತಿತ್ತು. ‘ಇದು ನಮ್ಮದೇ ಹಾಡು’ ಅಂದ ಕೂಡಲೇ ಅರ್ಧ ಜನ ಟೀ ಕುಡಿಯಲು ಹೋಗುತ್ತಿದ್ದರು. ಹಾಗಾಗಿ ನಮ್ಮ ಬ್ಯಾಂಡುಗಳಿಗೆ ಮೊದಲು ಸಿಕ್ಕಿದ ‘ನಿಷ್ಠಾವಂತ ಕೇಳುಗ’ ನಿಷ್ಠನಾಗಿದ್ದದ್ದು ಆ ಬ್ಯಾಂಡಿಗಲ್ಲ, ಇಂಗ್ಲೆಂಡು, ಅಮೆರಿಕಗಳ ಮೂಲ ಹಾಡಿಗೆ. ಅವನನ್ನು ಮೆಚ್ಚಿಸುತ್ತ ಕೂತಿದ್ದರೆ ಬೆಂಗಳೂರಿನಲ್ಲಿ ಒಂದು ಸ್ವಂತ ಹಾಡೂ ಹುಟ್ಟುತ್ತಿರಲಿಲ್ಲ.

ಈ ಗಂಟನ್ನು ಬಿಡಿಸುವುದರಲ್ಲಿ ಗೋಪಾಲ್ ನವಲೆ ಮತ್ತು ಗೆಳೆಯರು 1996ರಲ್ಲಿ ಶುರು ಮಾಡಿದ ಫ್ರೀಡಂ ಜಾಮ್ ದೊಡ್ಡ ಪಾತ್ರ ವಹಿಸಿತು. ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ, ಟಿಕೆಟ್ಟಿಲ್ಲದೆ, ಸ್ವಂತ ರಚನೆಗೆ ಮರ್ಯಾದೆ ಕೊಟ್ಟ ವೇದಿಕೆ ಅದು. ಬಹುಮಾನವಿಲ್ಲ, ತೀರ್ಪುಗಾರರಿಲ್ಲ. ಅದೇ ವರ್ಷ ಕ್ರೈಸ್ಟ್ ಕಾಲೇಜಿನ ಹುಡುಗರು ಕಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ನನ್ನ ಮಟ್ಟಿಗೆ ಈ ಊರಿನ ರಾಕ್‌ನ ನಡುಗಂಬ.

ಆ ಬ್ಯಾಂಡಿನ ಬ್ರೂಸ್ ಲೀ ಮಣಿಯವರ ಗಿಟಾರ್ ಕೇಳಿದವರಿಗೆ ಗೊತ್ತು: ರಾಕ್‌ನ ಬಿರುಸು ಇರುತ್ತದೆ, ಆದರೆ ಕೈ ಹೋಗಿ ಕೂರುವುದು ಜಾಝ್‌ನ ಸ್ವರಮೇಳಗಳ ಮೇಲೆ; ರಾಜೀವ್ ರಾಜಗೋಪಾಲರ ಡ್ರಮ್ಸ್ ನೇರ ನಾಲ್ಕರ ನಡೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. 2000ದಲ್ಲಿ ಮೊದಲ ಆಲ್ಬಮ್, 2002ರಲ್ಲಿ ‘ಜುಪಿಟರ್ ಕೆಫೆ’, ಆಮೇಲೆ ‘ಪ್ಲಾನ್ ಬಿ’. ಪ್ರತಿ ಸಲವೂ ಹಿಂದಿನದನ್ನು ಇಷ್ಟಪಟ್ಟವರು ಮೊದಮೊದಲು ಮುಖ ಸಿಂಡರಿಸಿದರು, ನಾಲ್ಕಾರು ತಿಂಗಳಲ್ಲಿ ಹೊಸದನ್ನೇ ಗುನುಗಿದರು. 2012ರಲ್ಲಿ ಅವರು ಮೂರು ಡಿಸ್ಕುಗಳ ‘ತ್ರೀ ವೀಲ್ಸ್ ನೈನ್ ಲೈವ್ಸ್’ ತಂದಾಗ ಸಿ.ಡಿ. ಮಾರಾಟ ಆಗಲೇ ನೆಲಕಚ್ಚಿತ್ತು. ಮಾರುಕಟ್ಟೆಯ ಲೆಕ್ಕ ಹಾಕುವವರು ಮಾಡುವ ಕೆಲಸ ಅದಲ್ಲ. ಅದರಲ್ಲಿ ‘ಮೀಟರ್ ಮೇಲೆ ಒನ್ ಅಂಡ್ ಎ ಹಾಫ್’ ಎಂಬ ಹಾಡಿದೆ. ಇಂಗ್ಲಿಷಿನಲ್ಲಿ ಹಾಡುವ ಬ್ಯಾಂಡಿಗೆ ಆಟೋ ಸ್ಟ್ಯಾಂಡಿನ ಮಾತು ಕೇಳಿಸಿತ್ತು. ಜೊತೆಗೆ ಅವರು ತಾಕಡೆಮಿ ಎಂಬ ಸಂಗೀತ ಶಾಲೆ ಕಟ್ಟಿ, ಕಲಿಸುವುದರಲ್ಲಿ ಹೊಟ್ಟೆಪಾಡು ನೋಡಿಕೊಂಡರು. ಅದರಿಂದಾಗಿ ಹಾಡಿನ ಮೇಲೆ ಹೊಟ್ಟೆಯ ಒತ್ತಡ ಬೀಳಲಿಲ್ಲ. ಅಭಿಮಾನಿಯನ್ನು ಓಲೈಸದೆ, ಬಿಟ್ಟೂ ಹೋಗದೆ, ತಮ್ಮ ಜೊತೆ ನಡೆಸಿಕೊಂಡು ಹೋದ ಬ್ಯಾಂಡು ಅದು. ಆದರೂ ಅದರ ಕೇಳುಗರು ಹೆಚ್ಚುಕಡಿಮೆ ಎಂ.ಜಿ. ರಸ್ತೆ, ಇಂದಿರಾನಗರ, ಕೋರಮಂಗಲಗಳ ಒಳಗೇ ಉಳಿದರು.

2000ದ ದಶಕ ಅರಮನೆ ಮೈದಾನದ ದಶಕವೂ ಹೌದು. 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ. ಕೊನೆಯದರ ಬಗ್ಗೆ ಒಂದು ಮಾತು ಹೇಳಬೇಕು. ಮೆಟಾಲಿಕಾ 1991ರಲ್ಲಿ ಕಪ್ಪು ರಟ್ಟಿನ ಆಲ್ಬಮ್ ತಂದು, ಹಾಡುಗಳನ್ನು ಚಿಕ್ಕದಾಗಿಸಿ, ವೇಗ ತಗ್ಗಿಸಿದಾಗ ಥ್ರ್ಯಾಶ್‌ಗೆ ಒಲಿದಿದ್ದ ಹಳೆಯ ಅಭಿಮಾನಿಗಳು ದ್ರೋಹವೆಂದೇ ಕೂಗಾಡಿದ್ದರು. ಇಪ್ಪತ್ತು ವರ್ಷದ ಮೇಲೆ ಅರಮನೆ ಮೈದಾನದಲ್ಲಿ ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಬಂದಾಗ, ಹಾಗೆ ಕೂಗಾಡಿದ್ದವರನ್ನೇ ಗುರುವೆಂದು ನಂಬಿ ಬೆಳೆದ ನಮ್ಮ ಮೆಟಲ್ ಹುಡುಗರು ಕಣ್ಣು ಮುಚ್ಚಿ ಹಾಡುತ್ತಿದ್ದರು. ಅದೇ ದಿನ ಮೆಟಾಲಿಕಾಗಿಂತ ಮೊದಲು ನುಡಿಸಿದವರಲ್ಲಿ ಬೆಂಗಳೂರಿನ ಇನ್ನರ್ ಸ್ಯಾಂಕ್ಟಮ್ ಕೂಡ ಇತ್ತು.

ಇವೆಲ್ಲದರ ನಡುವೆ, 2005ರಲ್ಲಿ, ಇದೇ ಅರಮನೆ ಮೈದಾನದಲ್ಲಿ ಸಿ. ಅಶ್ವಥ್ ‘ಕನ್ನಡವೇ ಸತ್ಯ’ ನಡೆಸಿದರು. ಲಕ್ಷದಷ್ಟು ಜನ ಸೇರಿದರು. ಸಿನಿಮಾ ತಾರೆಯರ ಕುಣಿತವಿಲ್ಲ, ಕವಿತೆಗಳು, ಅಷ್ಟೇ. ನಮ್ಮ ರಾಕ್ ವಲಯದಲ್ಲಿ ಆ ಸಂಜೆಯ ಬಗ್ಗೆ ಚರ್ಚೆಯೇ ಆಗಲಿಲ್ಲ. ಜನಪ್ರಿಯತೆಗೆ ಬಲಿಯಾಗಬೇಕೋ ಬೇಡವೋ ಎಂದು ಪಬ್ಬಿನಲ್ಲಿ ವಾದ ನಡೆಯುತ್ತಿದ್ದಾಗ ಕಣ್ಣ ಮುಂದಿದ್ದದ್ದು ಮುಂಬೈಯ ರೆಕಾರ್ಡ್ ಕಂಪನಿ, ಎಂಟಿವಿ, ಲಂಡನ್. ಈ ನಾಡಿನ ಬಹುಜನರ ಸಂಗೀತ ಮೈಲಿ ದೂರದಲ್ಲಿತ್ತು, ಅದು ಕನ್ನಡದಲ್ಲಿತ್ತು, ಮತ್ತು ನಮ್ಮ ಬ್ಯಾಂಡುಗಳು ಅದನ್ನು ಹಿಂಬಾಲಿಸಿದ್ದೂ ಇಲ್ಲ, ನಿರಾಕರಿಸಿದ್ದೂ ಇಲ್ಲ. ನೋಡಿಯೇ ಇರಲಿಲ್ಲ.

ನೋಡಿದವರು ಮೈಸೂರಿನಿಂದ ಬಂದರು. ರಘು ದೀಕ್ಷಿತ್ ಭರತನಾಟ್ಯ ಕಲಿತವರು, ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಗಿಟಾರ್ ತಾವೇ ಕಲಿತದ್ದು. ಮೊದಲಿನ ಅಂತರಾಗ್ನಿ ಬ್ಯಾಂಡಿನ ನಂತರ ರಘು ದೀಕ್ಷಿತ್ ಪ್ರಾಜೆಕ್ಟ್ ಕಟ್ಟಿ, 2008ರಲ್ಲಿ ವಿಶಾಲ್–ಶೇಖರ್ ಜೋಡಿಯ ಸಂಸ್ಥೆಯಿಂದ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇದ್ದ ಆಲ್ಬಮ್ ತಂದರು. ಅದರಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯಾ ಸೇದಿ ನೋಡೋ’ ಇದೆ. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಿಂದೀಚೆಗೆ ಶರೀಫರೆಂದರೆ ಅಶ್ವಥ್ ದನಿ ಎಂದು ಒಪ್ಪಿಕೊಂಡಿದ್ದ ಮನೆಗಳಲ್ಲಿ ಗಿಟಾರು, ಬಾಸು, ಡ್ರಮ್ಸಿನ ಮೇಲೆ ಕೊರಳು ಬಿಚ್ಚಿ ಹಾಡಿದ ಈ ಶರೀಫರು ಸುಲಭಕ್ಕೆ ಒಪ್ಪಿಗೆಯಾಗುವ ಸರಕಾಗಿರಲಿಲ್ಲ. ಭಾವಗೀತೆಯವರು ಗಲಾಟೆ ಎಂದರು, ರಾಕ್‌ನವರು ಇದು ರಾಕೇ ಅಲ್ಲ ಎಂದರು. ನಾನು ಕಂಡ ಪ್ರದರ್ಶನಗಳಲ್ಲಿ ಗಿಟಾರ್ ಅಂದರೆ ಮೂಗು ಮುರಿಯುತ್ತಿದ್ದ ವಯಸ್ಸಿನವರು ಮಕ್ಕಳ ಪಕ್ಕ ನಿಂತು ಸಾಲು ತಪ್ಪದೆ ಹಾಡುತ್ತಿದ್ದರು. ಆ ಪದ ಅವರಿಗೆ ಮೊದಲೇ ಬಾಯಿಪಾಠವಾಗಿತ್ತು. ಇದನ್ನು ಜನಪ್ರಿಯತೆಯ ಬೆನ್ನು ಹತ್ತುವುದು ಎಂದು ಕರೆಯುವವರು, ಅದಕ್ಕಿಂತ ಮೊದಲು ಎಷ್ಟು ರಾಕ್ ಪ್ರದರ್ಶನಗಳಲ್ಲಿ ಮೂರು ತಲೆಮಾರು ಒಟ್ಟಿಗೆ ನಿಂತದ್ದು ಕಂಡಿದ್ದಾರೆ?

ರಘು ಸಿನಿಮಾಕ್ಕೂ ಹೋದರು. 2008ರ ‘ಸೈಕೋ’ ಚಿತ್ರದ ಮಹದೇಶ್ವರನ ಹಾಡು ಹಳ್ಳಿಹಳ್ಳಿಯ ಧ್ವನಿವರ್ಧಕಕ್ಕೆ ಏರಿತು. 2010ರ ‘ಜಸ್ಟ್ ಮಾತ್ ಮಾತಲ್ಲಿ’, ಬಹಳ ಆಮೇಲೆ ‘ಲವ್ ಮಾಕ್‌ಟೇಲ್’. ಅದೇ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ, ಮರುವರ್ಷ ಗ್ಲಾಸ್ಟನ್‌ಬರಿಯಲ್ಲಿ ಹಾಡಿದರು. ಅವರ ಎಲ್ಲ ಕೆಲಸವೂ ಒಂದೇ ತೂಕದ್ದೆಂದು ನಾನು ಹೇಳುವುದಿಲ್ಲ. 2013ರ ‘ಜಗ್ ಚಂಗಾ’ದಲ್ಲಿ ಮೊದಲ ಆಲ್ಬಮಿನ ಒರಟುತನ ಕಡಿಮೆಯಾಗಿದೆ, ನಯಗಾರಿಕೆ ಹೆಚ್ಚಿದೆ. ಅದನ್ನು ಹಾಡಿನೊಳಗಿನ ದೋಷವಾಗಿ ಹೇಳಬೇಕು. ಉಟ್ಟ ಪಂಚೆಯ ಮೇಲೆ, ಹಾಡಿದ ಭಾಷೆಯ ಮೇಲೆ ಅದನ್ನು ಹೊರಿಸುವುದು ವಿಮರ್ಶೆಯಲ್ಲ.

ಸ್ವರಾತ್ಮ ಈ ಬೆಳೆಯಲ್ಲಿ ನನಗೆ ಹೆಚ್ಚು ಹತ್ತಿರದ್ದು. ವಾಸು ದೀಕ್ಷಿತರ ಗಾಯನ, ಸಂಜೀವ್ ನಾಯಕರ ಪಿಟೀಲು, ಜಿಷ್ಣು ದಾಸ್‌ಗುಪ್ತರ ಬಾಸ್. 2006ರ ರೇಡಿಯೋ ಸಿಟಿ ಲೈವ್ ಗೆದ್ದು, 2009ರಲ್ಲಿ ಮೊದಲ ಆಲ್ಬಮ್ ತಂದರು. ಕಾವೇರಿಯ ಸಂಕಟ ಹಾಡಾದದ್ದು ಅಲ್ಲಿ. 2012ರ ‘ಟೋಪಿವಾಲೆ’ಯಲ್ಲಿ ರಾಜಕೀಯ ಇನ್ನೂ ಚುರುಕಾಯಿತು. ಜಾನಪದದ ಕುಣಿತ ಜನರನ್ನು ಕರೆತರುತ್ತದೆ, ಬಂದವರ ಎದುರು ಕಷ್ಟದ ಮಾತನ್ನು ಇಡುತ್ತಾರೆ. ನೆರೆಯ ಕೇರಳದ ಅವಿಯಲ್ 2008ರಲ್ಲಿ ಮಲಯಾಳದಲ್ಲೇ ಆಲ್ಬಮ್ ತಂದು ಹೊರ ರಾಜ್ಯಗಳಲ್ಲೂ ಕೇಳುಗರನ್ನು ಪಡೆದದ್ದನ್ನು ಇದರ ಜೊತೆ ಇಟ್ಟು ನೋಡಿದರೆ ಭಾಷೆ ಅಡ್ಡಗೋಡೆಯೆಂಬ ವಾದ ನಿಲ್ಲುವುದಿಲ್ಲ. ಬೆಂಗಳೂರಿನ ಅಗಮ್ ಕರ್ನಾಟಕ ಸಂಗೀತದ ಕೃತಿಗಳನ್ನು ಪ್ರಗತಿಶೀಲ ರಾಕ್‌ಗೆ ತಂದು ಸಭಾಂಗಣ ತುಂಬಿಸಿತು; ಅದರ ಚೊಕ್ಕತನ ನನಗೆ ಕೆಲವೊಮ್ಮೆ ಹೆಚ್ಚೇ ಅನ್ನಿಸುತ್ತದೆ.

‘ಅಪ್ಪಟ’ವಾದಿಗಳು ಎತ್ತಿ ತೋರಿಸುವುದು ಮೆಟಲ್ ಬಳಗವನ್ನು. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ಎಂಬತ್ತರ ದಶಕದ ಹೆವಿ ಮೆಟಲ್ ಶೈಲಿಯನ್ನೇ ಹಿಡಿದು ಕೂತಿದೆ, ನಿಜ. 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿತು, ಜರ್ಮನ್ ಸಂಸ್ಥೆಯಿಂದ ಆಲ್ಬಮ್ಮುಗಳು ಬರುತ್ತಿವೆ. ಅದರ ಹಟವನ್ನು ಮನಸಾರೆ ಗೌರವಿಸುತ್ತೇನೆ. ಆದರೆ ಆ ಹಟಕ್ಕೆ ಆಸರೆಯಾದದ್ದು ಪ್ರಪಂಚದಾದ್ಯಂತ ಹರಡಿರುವ, ಟೀ ಶರ್ಟು, ಎಲ್.ಪಿ. ಕೊಳ್ಳುವ, ಬೇಸಿಗೆಯಲ್ಲಿ ಉತ್ಸವಕ್ಕೆ ಹೋಗುವ ಮೆಟಲ್ ಕೇಳುಗರ ಜಾಲ. 2012ರಿಂದ ನಡೆದ ಬೆಂಗಳೂರು ಓಪನ್ ಏರ್ ಆ ಜಾಲದ ಒಂದು ಕೊಂಡಿ. ಬೇರೆ ಬಗೆಯ ರಾಕ್‌ಗೆ ಅಂಥ ಜಾಲವಿಲ್ಲ. ಲೌಂಜ್ ಪಿರಾನಾ 2008ರಲ್ಲಿ ‘ಗೋಯಿಂಗ್ ನೋವೇರ್’ ತಂದಾಗ ಅಭಿಮಾನಿಗಳ ನಿಷ್ಠೆಗೆ ಕೊರತೆಯಿರಲಿಲ್ಲ. ಅವರ ಸಂಖ್ಯೆ ಒಂದು ಬ್ಯಾಂಡನ್ನು ಸಾಕುವಷ್ಟು ಇರಲಿಲ್ಲ, ಕೆಲವೇ ವರ್ಷದಲ್ಲಿ ಬ್ಯಾಂಡು ಮುಗಿಯಿತು. ಅದು ನನಗಿನ್ನೂ ನೋವಿನ ಸಂಗತಿ.

ಆಮೇಲೆ ಬಂದದ್ದು ಜಾಗದ ಬಿಕ್ಕಟ್ಟು. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಎಷ್ಟೋ ಪಬ್ಬುಗಳಲ್ಲಿ ಲೈವ್ ಸಂಗೀತ ರಾತ್ರೋರಾತ್ರಿ ನಿಂತಿತು. ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಬಾಗಿಲು ಹಾಕಿತು. ಆಗ ಬಯಲಾದ ಸತ್ಯವೆಂದರೆ, ನಲವತ್ತು ವರ್ಷದಲ್ಲಿ ನಮ್ಮ ಬ್ಯಾಂಡುಗಳು ಮದ್ಯದಂಗಡಿಯನ್ನು ಬಿಟ್ಟು ಬೇರೆ ನೆಲೆ ಮಾಡಿಕೊಂಡೇ ಇರಲಿಲ್ಲ. ಪಬ್ಬಿನ ಮಾಲೀಕನಿಗೆ ಬೇಕಾದ್ದು ಟೇಬಲ್ಲು ತುಂಬುವುದು, ಹಾಗಾಗಿ ಅವನು ಕೇಳುವುದು ಕವರ್ ಹಾಡು. ಮುನ್ನೂರು ನಾನ್ನೂರು ಜನ ಕೂರುವ, ಹಾಡು ಕೇಳಲೆಂದೇ ಬರುವ ರಂಗಮಂದಿರಗಳು ನಾಟಕದವರಿಗೆ ಇದ್ದಂತೆ ನಮಗೆ ಇರಲಿಲ್ಲ. ಇದ್ದ ಕೆಲವಕ್ಕೂ ನಾವು ಹೋಗಲಿಲ್ಲ.

ಹೀಗೆ ನೋಡಿದಾಗ ಬರೆಯದೆ ಉಳಿದದ್ದು ಬಹಳ. ಮೈಸೂರು, ಮಣಿಪಾಲ, ಮಂಗಳೂರು, ಹುಬ್ಬಳ್ಳಿ–ಧಾರವಾಡದ ಬ್ಯಾಂಡುಗಳ ವಿವರ ಯಾರೂ ಕಲೆಹಾಕಿಲ್ಲ. ಈ ಲೇಖನವೂ ರಾಜಧಾನಿಯಲ್ಲೇ ಸುತ್ತಿದೆ. ವೇದಿಕೆಯ ಮೇಲಿನ ಹೆಣ್ಣುಮಕ್ಕಳ ಚರಿತ್ರೆ ಹ್ಯೂಮನ್ ಬಾಂಡೇಜಿನ ರಾಧಾ ಥಾಮಸ್‌ರಿಂದಲೇ ಶುರುವಾಗುತ್ತದಾದರೂ ಅದನ್ನು ಯಾರೂ ಮುಂದುವರಿಸಿ ಬರೆದಿಲ್ಲ. ಇನ್ನೂ ದೊಡ್ಡ ಕೊರತೆ ಸಾಹಿತ್ಯದ್ದು. ಶರೀಫರನ್ನು, ದಾಸರನ್ನು ಎತ್ತಿಕೊಂಡೆವು. ಇಂದಿನ ಕನ್ನಡದಲ್ಲಿ, ಗಿಟಾರಿನ ಲಯಕ್ಕೆ, ಈ ಊರಿನ ಬಾಡಿಗೆ, ಟ್ರಾಫಿಕ್ಕು, ಸಿಟ್ಟುಗಳನ್ನು ಬರೆದುಕೊಡುವ ಕವಿಗಳನ್ನು ಬ್ಯಾಂಡುಗಳು ಹುಡುಕಿಕೊಂಡು ಹೋಗಲಿಲ್ಲ. ಕವಿಗಳೂ ಜಾಮ್ ರೂಮಿನ ಬಾಗಿಲು ತಟ್ಟಲಿಲ್ಲ. ಆ ಕೆಲಸವನ್ನು ಈಗ ಕನ್ನಡದ ರ‍್ಯಾಪರುಗಳು ತಮ್ಮ ಮಟ್ಟಿಗೆ ಮಾಡಿಕೊಳ್ಳುತ್ತಿದ್ದಾರೆ, ಮತ್ತು ಕೇಳುಗ ಅವರ ಕಡೆ ಹೋಗಿದ್ದಾನೆ.

ಈಗ ಬ್ಯಾಂಡು ಕಟ್ಟುತ್ತಿರುವ ಹುಡುಗರು ನನ್ನ ಹತ್ತಿರ ಬಂದು ಕೇಳುವುದು ಹಳೆಯ ಪ್ರಶ್ನೆಯನ್ನೇ: ಜನಕ್ಕೆ ಹಿಡಿಸುವ ಹಾಗೆ ಮಾಡೋಣವೋ, ನಮ್ಮನ್ನು ಮೊದಲಿಂದ ಕೇಳುವವರಿಗೆ ಮಾಡೋಣವೋ? ಚಿತ್ರದುರ್ಗದಲ್ಲೋ ಶಿರಸಿಯಲ್ಲೋ ಒಂದು ಪ್ರದರ್ಶನ ಮಾಡಿ ಬನ್ನಿ, ಆಮೇಲೆ ಈ ಪ್ರಶ್ನೆ ಕೇಳಿ ಎನ್ನುತ್ತೇನೆ. ತಾಲ್ಲೂಕು ಕೇಂದ್ರದ ರಂಗಮಂದಿರದ ಬಾಡಿಗೆ ಎಷ್ಟು, ಅಲ್ಲಿ ಡ್ರಮ್ಸಿಗೆ ಸಾಕಾಗುವಷ್ಟು ಮೈಕು ಯಾರ ಹತ್ತಿರ ಸಿಗುತ್ತದೆ, ಕಾಲೇಜು ಪರೀಕ್ಷೆ ಯಾವಾಗ ಮುಗಿಯುತ್ತದೆ, ಊರಿನ ನಾಟಕದ ತಂಡದವರು ಜನರನ್ನು ಹೇಗೆ ಕರೆಯುತ್ತಾರೆ ಎನ್ನುವುದನ್ನು ಕೇಳಿ ತಿಳಿದುಕೊಳ್ಳಲು ಒಂದೆರಡು ಬ್ಯಾಂಡುಗಳಾದರೂ ಹೊರಟಿವೆ.