ಶೋಧಯಂತ್ರಗಳಲ್ಲಿ ಅರ್ಥಾನುಸಾರಿ ಶೋಧ

ಅಂತರಜಾಲದ ಶೋಧಯಂತ್ರವು, ಅಂದರೆ ಸರ್ಚ್ ಎಂಜಿನ್, ಕೇಳಿದವರು ಬರೆದ ಅಕ್ಷರಗಳಿಗೆ ಸಮನಾದ ಅಕ್ಷರಗಳನ್ನು ಪುಟಗಳಲ್ಲಿ ಅರಸುವಷ್ಟಕ್ಕೇ ನಿಲ್ಲದೆ, ಆ ಅಕ್ಷರಗಳು ಸೂಚಿಸುವ ವ್ಯಕ್ತಿ, ಸ್ಥಳ, ಕೃತಿ, ಸಂಸ್ಥೆಗಳಾವುವು, ಅವುಗಳ ಪರಸ್ಪರ ಸಂಬಂಧವೇನು, ಕೇಳಿದವರ ಉದ್ದೇಶವೇನು ಎಂಬುದನ್ನು ನಿರ್ಣಯಿಸಿ ಉತ್ತರವೀಯುವ ಕ್ರಮಕ್ಕೆ ಅರ್ಥಾನುಸಾರಿ ಶೋಧವೆಂದು ಹೆಸರು. ಇದು ಒಮ್ಮೆಗೇ ಸಂಭವಿಸಿದ ಪರಿವರ್ತನೆಯಲ್ಲ. 2008ರಿಂದೀಚೆಗೆ ಹಂತಹಂತವಾಗಿ, ಪ್ರಾಯಶಃ ಮೊದಲು ಇಂಗ್ಲಿಷಿನಲ್ಲಿಯೂ ತರುವಾಯ ಇತರ ಭಾಷೆಗಳಲ್ಲಿಯೂ ಆಚರಣೆಗೆ ಬಂದುದು. ಕನ್ನಡದಲ್ಲಿ ಇದರ ಪ್ರಯೋಜನವನ್ನೂ ತೊಡಕುಗಳನ್ನೂ ಪರಿಶೀಲಿಸಲು ಹುಬ್ಬಳ್ಳಿ-ಧಾರವಾಡ ಅವಳಿನಗರವು ತಕ್ಕ ನಿದರ್ಶನವಾಗಿದೆ.

ಪೂರ್ವಚರಿತ್ರೆ

ಆರಂಭದ ಶೋಧಯಂತ್ರಗಳು ಪದಗಳ ಸೂಚಿಯನ್ನು ಮಾತ್ರ ಆಶ್ರಯಿಸಿದ್ದುವು. 1998ರಲ್ಲಿ ಸ್ಥಾಪಿತವಾದ ಗೂಗಲ್ ಸಂಸ್ಥೆಯು, ಒಂದು ಪುಟಕ್ಕೆ ಇತರ ಪುಟಗಳಿಂದ ಬಂದ ಕೊಂಡಿಗಳ ಬಲದಿಂದ ಆ ಪುಟದ ಯೋಗ್ಯತೆಯನ್ನಳೆಯುವ ಪೇಜ್‌ರ‍್ಯಾಂಕ್ ಕ್ರಮವನ್ನು ಬಳಕೆಗೆ ತಂದಿತಾದರೂ ಅದಕ್ಕೂ ಪದಾರ್ಥಜ್ಞಾನವಿರಲಿಲ್ಲ. ಜಾಲದ ಮಾಹಿತಿಯು ಯಂತ್ರಗಳಿಗೂ ಅರ್ಥವಾಗುವಂತೆ ವ್ಯವಸ್ಥಿತವಾಗಬೇಕೆಂಬ ವಿಚಾರವನ್ನು ವಿಶ್ವವ್ಯಾಪಿ ಜಾಲದ ಜನಕನಾದ ಟಿಮ್ ಬರ್ನರ್ಸ್-ಲೀ ತನ್ನ ಇಬ್ಬರು ಸಂಗಡಿಗರೊಡನೆ 2001ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಮಂಡಿಸಿದನು. 2008ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಸಹಜಭಾಷೆಯ ಪ್ರಶ್ನೆಗಳನ್ನು ಗ್ರಹಿಸಲೆತ್ನಿಸುತ್ತಿದ್ದ ಪವರ್‌ಸೆಟ್ಟನ್ನು ಕೊಂಡುಕೊಂಡಿತು. 2010ರಲ್ಲಿ ಗೂಗಲ್ ಸಂಸ್ಥೆಯು ಫ್ರೀಬೇಸ್ ಎಂಬ ಮಾಹಿತಿಕೋಶದ ಒಡೆತನವಿದ್ದ ಮೆಟಾವೆಬ್ಬನ್ನು ವಶಪಡಿಸಿಕೊಂಡಿತು. ಪರಸ್ಪರ ಪ್ರತಿಸ್ಪರ್ಧಿಗಳಾದ ಗೂಗಲ್, ಬಿಂಗ್, ಯಾಹೂಗಳು 2011ರಲ್ಲಿ ಒಂದುಗೂಡಿ, ಜಾಲಪುಟದ ಕರ್ತೃವೇ ತನ್ನ ವಿಷಯವನ್ನು ವರ್ಗೀಕರಿಸಿ ಸೂಚಿಸಲು ಸ್ಕೀಮಾ ಡಾಟ್ ಆರ್ಗ್ ಎಂಬ ಸಮಾನ ಪರಿಭಾಷೆಯನ್ನು ರೂಪಿಸಿದುವು.

ಹಂತಗಳು

2012ರ ಮೇ 16ರಂದು ಪ್ರಕಟವಾದ ಗೂಗಲ್‌ನ ನಾಲೆಜ್ ಗ್ರಾಫ್ ಈ ಬೆಳವಣಿಗೆಯ ಮೊದಲ ಪ್ರಮುಖ ಘಟ್ಟ. ಅದರಲ್ಲಿ ಆಗಲೇ 50 ಕೋಟಿಗೂ ಮಿಕ್ಕ ವಸ್ತುವ್ಯಕ್ತಿಗಳೂ ಅವುಗಳಿಗೆ ಸಂಬಂಧಿಸಿದ 350 ಕೋಟಿಗೂ ಹೆಚ್ಚು ಸಂಗತಿಗಳೂ ಅಡಕವಾಗಿದ್ದುವು. ಅದೇ ವರ್ಷದ ಅಕ್ಟೋಬರಿನಲ್ಲಿ, ಯಾರು ಬೇಕಾದರೂ ತಿದ್ದಬಹುದಾದ ವಿಕಿಡೇಟಾ ಎಂಬ ಬಹುಭಾಷಾ ಮಾಹಿತಿಕೋಶವೂ ಆರಂಭವಾಯಿತು. 2013ರ ಹಮ್ಮಿಂಗ್‌ಬರ್ಡ್ ಎಂಬ ಗೂಗಲ್ ಶೋಧಕ್ರಮವು ವಾಕ್ಯವನ್ನು ಬಿಡಿಪದಗಳ ರಾಶಿಯಾಗಿ ನೋಡದೆ ಸಮಗ್ರವಾಗಿ ಗ್ರಹಿಸುವ ಯತ್ನವಾದರೆ, 2015ರಲ್ಲಿ ಬೆಳಕಿಗೆ ಬಂದ ರ‍್ಯಾಂಕ್‌ಬ್ರೇನ್ ಹಿಂದೆಂದೂ ಕೇಳಿರದ ಪ್ರಶ್ನೆಗಳ ಅರ್ಥವನ್ನು ಯಂತ್ರಕಲಿಕೆಯಿಂದ ಊಹಿಸುವ ಉಪಾಯವಾಗಿತ್ತು. ಪದದ ಹಿಂದುಮುಂದಿನ ಸಂದರ್ಭವೆರಡನ್ನೂ ಒಟ್ಟಿಗೆ ಪರಿಗಣಿಸುವ ಬರ್ಟ್ ಎಂಬ ಭಾಷಾಮಾದರಿಯು 2019ರ ಅಕ್ಟೋಬರಿನಲ್ಲಿ ಇಂಗ್ಲಿಷ್ ಶೋಧಕ್ಕೂ, ಡಿಸೆಂಬರಿನಲ್ಲಿ ಕನ್ನಡವೂ ಸೇರಿ 70ಕ್ಕೂ ಹೆಚ್ಚು ಭಾಷೆಗಳಿಗೂ ಅನ್ವಯವಾಯಿತು. ಮರುವರ್ಷ ಭಾರತೀಯ ಭಾಷೆಗಳಿಗೆಂದೇ ಗೂಗಲ್ ಸಂಶೋಧಕರು ಸಿದ್ಧಪಡಿಸಿದ ಮುರಿಲ್ ಎಂಬ ಮಾದರಿಯು, ರೋಮನ್ ಲಿಪಿಯಲ್ಲಿ ಬರೆದ ದೇಶಭಾಷೆಗಳನ್ನೂ ಗಣನೆಗೆ ತೆಗೆದುಕೊಂಡಿತು.

ಹುಬ್ಬಳ್ಳಿ-ಧಾರವಾಡದ ನಿದರ್ಶನ

ಸುಮಾರು 20 ಕಿಲೋಮೀಟರಿನ ಅಂತರದಲ್ಲಿರುವ ಈ ಎರಡು ಊರುಗಳು 1962ರಲ್ಲಿ ಒಂದೇ ಮಹಾನಗರಪಾಲಿಕೆಯ ಆಡಳಿತಕ್ಕೊಳಪಟ್ಟರೂ ಜನರ ಮಾತಿನಲ್ಲಿ ಎರಡಾಗಿಯೇ ಉಳಿದಿವೆ. ಆದುದರಿಂದ ಅವನ್ನು ಎರಡು ಊರುಗಳೆಂದೂ ಒಂದು ನಗರವೆಂದೂ ಯಂತ್ರವು ಏಕಕಾಲದಲ್ಲಿ ಅರಿಯಬೇಕು. ಧಾರವಾಡವೆಂಬ ಪದವು ಊರಿಗೂ ತಾಲ್ಲೂಕಿಗೂ ಜಿಲ್ಲೆಗೂ ಲೋಕಸಭಾಕ್ಷೇತ್ರಕ್ಕೂ ಸಲ್ಲುತ್ತದೆ. 1997ರಲ್ಲಿ ಗದಗ ಮತ್ತು ಹಾವೇರಿ ಜಿಲ್ಲೆಗಳು ಪ್ರತ್ಯೇಕವಾದುದರಿಂದ, ಅದಕ್ಕೂ ಹಿಂದಿನ ಗ್ರಂಥಗಳಲ್ಲಿ ಕಾಣುವ ಧಾರವಾಡ ಜಿಲ್ಲೆಗೂ ಇಂದಿನ ಜಿಲ್ಲೆಗೂ ಮೇರೆ ಒಂದೇ ಅಲ್ಲ. ಇಂಗ್ಲಿಷಿನಲ್ಲಿ ‘ಹುಬ್ಲಿ’ ಎಂದಿದ್ದುದು 2014ರ ನವೆಂಬರ್ 1ರಿಂದ ಅಧಿಕೃತವಾಗಿ ‘ಹುಬ್ಬಳ್ಳಿ’ ಆದರೂ ಹಳೆಯ ದಾಖಲೆಗಳೆಲ್ಲ ಹಿಂದಿನ ಹೆಸರಿನಲ್ಲಿಯೇ ಉಳಿದುವು.

ವ್ಯಕ್ತಿನಾಮಗಳಲ್ಲಿಯೂ ಇದೇ ಸಮಸ್ಯೆಯುಂಟು. ಧಾರವಾಡದ ಕವಿ ದ. ರಾ. ಬೇಂದ್ರೆಯವರೂ ಅಂಬಿಕಾತನಯದತ್ತರೂ ಒಬ್ಬರೇ ಎಂಬುದು ಅಕ್ಷರಸಾದೃಶ್ಯದಿಂದ ಎಂದಿಗೂ ತಿಳಿಯಬರುವಂಥದಲ್ಲ. ಗಂಗೂಬಾಯಿ ಹಾನಗಲ್ಲರ ಹೆಸರಿನಲ್ಲಿರುವ ಊರು ಈಗ ಹಾವೇರಿ ಜಿಲ್ಲೆಯಲ್ಲಿದ್ದರೂ, ಆ ಗಾಯಕಿಯು ಹುಟ್ಟಿದ್ದು ಧಾರವಾಡದಲ್ಲಿ, 2009ರಲ್ಲಿ ತೀರಿಕೊಂಡದ್ದು ಹುಬ್ಬಳ್ಳಿಯಲ್ಲಿ. ಸಂಗತಿಗಳು ಕಾಲಾಂತರದಲ್ಲಿ ಬದಲಾಗುವುದೂ ಉಂಟು: ಜಗತ್ತಿನಲ್ಲಿಯೇ ಅತ್ಯಂತ ಉದ್ದವಾದ ರೈಲ್ವೆ ಪ್ಲಾಟ್‌ಫಾರ್ಮ್ ಯಾವುದೆಂಬ ಪ್ರಶ್ನೆಗೆ ಹಿಂದೆ ಗೋರಖಪುರವು ಉತ್ತರವಾಗಿದ್ದರೆ, ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಮೇಲೆ ಆ ಉತ್ತರವನ್ನು ತಿದ್ದಬೇಕಾಯಿತು.

ಕನ್ನಡದ ತೊಡಕುಗಳು

ಕನ್ನಡದಲ್ಲಿ ವಿಭಕ್ತಿಪ್ರತ್ಯಯಗಳು ಪ್ರಕೃತಿಗೆ ಅಂಟಿಕೊಂಡೇ ಬರುವುದರಿಂದಲೂ ಸಂಧಿಕಾರ್ಯದಿಂದ ಪದರೂಪವು ಮಾರ್ಪಡುವುದರಿಂದಲೂ ‘ಹುಬ್ಬಳ್ಳಿಗೆ’, ‘ಹುಬ್ಬಳ್ಳಿಯಿಂದ’, ‘ಹುಬ್ಬಳ್ಳಿಯವರು’ ಎಂಬಿವು ಯಂತ್ರದ ಕಣ್ಣಿಗೆ ಬೇರೆ ಬೇರೆ ಪದಗಳಾಗಿ ತೋರುತ್ತವೆ. ಹುಬ್ಬಳ್ಳಿ-ಧಾರವಾಡ ಸೀಮೆಯ ಆಡುಮಾತಿನ ‘ಹುಬ್ಬಳ್ಳ್ಯಾಗ’, ‘ಧಾರವಾಡದಾಗ’ ಎಂಬ ರೂಪಗಳು ಗ್ರಂಥಸ್ಥ ಕನ್ನಡದ ವ್ಯಾಕರಣಕ್ಕೆ ಹೊರಗಾದುವು. ಇದಲ್ಲದೆ, ಯೂನಿಕೋಡ್ ಸಂಕೇತವು ರೂಢಿಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಬರಹವು, ಪರಿವರ್ತನೆಗೊಳ್ಳದಿದ್ದರೆ, ಶೋಧಯಂತ್ರಕ್ಕೆ ಅರ್ಥರಹಿತ ಚಿಹ್ನೆಗಳ ಸಾಲಾಗಿಯೇ ಕಾಣುತ್ತದೆ.

2021ರ ವಿವಾದ

ಪುಟವೊಂದರ ವಾಕ್ಯವನ್ನೆತ್ತಿ ಎಲ್ಲ ಫಲಿತಾಂಶಗಳ ಮೇಲೆ ಉತ್ತರವಾಗಿ ನಿಲ್ಲಿಸುವ ಪದ್ಧತಿಯ ಅಪಾಯವು ಕನ್ನಡಿಗರಿಗೆ 2021ರ ಜೂನ್ ತಿಂಗಳಿನಲ್ಲಿ ಮನವರಿಕೆಯಾಯಿತು. ಭಾರತದ ಅತ್ಯಂತ ಕುರೂಪವಾದ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್ ಕನ್ನಡವೆಂದು ಉತ್ತರಿಸುತ್ತಿದ್ದುದು ಬಯಲಾಗಿ ರಾಜ್ಯದಾದ್ಯಂತ ಆಕ್ರೋಶವುಂಟಾಯಿತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿಯವರು ಕ್ಷಮಾಯಾಚನೆಗೆ ಆಗ್ರಹಿಸಿದರು. ಸಂಸ್ಥೆಯು ಜೂನ್ 3ರಂದು ಆ ಉತ್ತರವನ್ನು ತೆಗೆದುಹಾಕಿ, ಅದು ತನ್ನ ಅಭಿಪ್ರಾಯವಲ್ಲವೆಂದು ತಿಳಿಸಿ ಕ್ಷಮೆ ಕೋರಿತು. ವಾಕ್ಯದ ಅನ್ವಯವನ್ನು ಬಲ್ಲ ಯಂತ್ರಕ್ಕೆ ಅದರ ಯುಕ್ತಾಯುಕ್ತತೆಯ ವಿವೇಚನೆಯೂ ಇರುವುದೆಂದು ನಂಬಲಾಗದೆಂಬುದು ಈ ಪ್ರಸಂಗದಿಂದ ಸಿದ್ಧವಾಯಿತು.

ಅರ್ಥಾನುಸಾರಿ ಶೋಧದ ಬಲವು ಅದಕ್ಕೆ ಆಧಾರವಾದ ಬರಹದ ಬಲವನ್ನು ಮೀರುವುದಿಲ್ಲ. ಕನ್ನಡ ವಿಕಿಪೀಡಿಯವು 2003ರಿಂದ ನಡೆದುಬಂದಿದೆಯಾದರೂ ಇಂಗ್ಲಿಷಿನ ಸಂಗ್ರಹದ ಮುಂದೆ ಅದರ ಗಾತ್ರ ಅತ್ಯಲ್ಪ. ನಾಡಿನ ಊರು, ವ್ಯಕ್ತಿ, ಕೃತಿಗಳ ವಿವರಗಳು ಯೂನಿಕೋಡಿನಲ್ಲಿ, ಪ್ರಮಾಣಬದ್ಧವಾಗಿ, ಪರಸ್ಪರ ಸಂಬಂಧಸೂಚನೆಯೊಡನೆ ಎಷ್ಟರಮಟ್ಟಿಗೆ ದಾಖಲಾಗುವುವೋ ಅಷ್ಟರಮಟ್ಟಿಗೇ ಕನ್ನಡದ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯುವುದು.